ಬೈಲಿನ ಒಂಬತ್ತು ಡಿಗ್ರಿ

ಬಸರೀಕಟ್ಟೆಯ ಉಷ್ಣಾಂಶವನ್ನು ಹವಾಮಾನ ಲೆಕ್ಕದ ಪ್ರೋಗ್ರಾಂ ಹನ್ನೊಂದನೆಯ ದಿನವೂ ನಂಬಲಿಲ್ಲ.

ನಾಳೆಯ ಹವೆಯನ್ನು ಲೆಕ್ಕ ಹಾಕಬೇಕಾದರೆ ಈ ಗಳಿಗೆಯ ಹವೆ ಹೇಗಿದೆಯೆಂದು ಮೊದಲು ಅದಕ್ಕೆ ಹೇಳಬೇಕು. ಕೊಪ್ಪದ ಬಾಡಿಗೆ ಕೋಣೆಯಲ್ಲಿ ಕೂತ ಸಂಶೋಧಕಿ ದೀಕ್ಷಾಳ ಕೆಲಸ ಅದೇ. ಹಿಂದಿನ ಲೆಕ್ಕ ಕೊಟ್ಟ ಊಹೆ ಒಂದು ಕಡೆ, ಥರ್ಮಾಮೀಟರ್ ಇನ್ನೊಂದು ಕಡೆ. ಯಾವುದಕ್ಕೆ ಎಷ್ಟು ತೂಕ ಎಂಬುದೇ ಗಣಿತ. ಕೊಪ್ಪ, ನೆಮ್ಮಾರ್, ನರಸಿಂಹರಾಜಪುರಗಳಲ್ಲಿ ಎರಡೂ ಹೊಂದುತ್ತಿದ್ದವು. ಬಸರೀಕಟ್ಟೆಯಲ್ಲಿ ಮಾತ್ರ ಊಹೆ ಹದಿನೈದು ಡಿಗ್ರಿ. ಅಲ್ಲಿ ಎಸ್ಟೇಟ್ ಜೀಪ್ ಓಡಿಸುವ ಮುಬಾರಕ್ ಬೆಳಿಗ್ಗೆ ಏಳಕ್ಕೆ ಥರ್ಮಾಮೀಟರ್ ನೋಡಿ ಕಳಿಸುವುದು ಒಂಬತ್ತು.

ಥರ್ಮಾಮೀಟರ್ ಬದಲಿಸಿದ ಮೇಲೂ ಒಂಬತ್ತೇ. ದೀಕ್ಷಾ ಫೋನ್ ಮಾಡಿದಳು.

“ಮುಬಾರಕಣ್ಣ, ಹೋಗಿಯೇ ನೋಡ್ತೀರಲ್ವಾ?”

“ಮನೇಲಿ ಕೂತು ಬರೀತೀನಿ ಅಂತಲಾ? ನಾಳೆ ಜೀಪಲ್ಲಿ ಬನ್ನಿ ಮೇಡಂ. ನಾನು ಸುಳ್ಳು ಅಂತಾದ್ರೆ ಥರ್ಮಾಮೀಟರ್ ಬಿಚ್ಕೊಂಡು ಹೋಗಿ.”

ಮರುದಿನ ಮೊದಲ ಬಸ್ಸಿಗೆ ಬಸರೀಕಟ್ಟೆಗೆ ಹೋಗಿ ಜೀಪು ಹತ್ತಿದಳು. ಜೀಪಿನ ತುಂಬ ಕೆಲಸದ ಹೆಂಗಸರು. ಒಂದು ತಿರುವು ಇನ್ನೂ ಮುಂದಿರುವಾಗಲೇ, ಯಾರೂ ಹೇಳದೆ, ಎಲ್ಲರ ಕೈಯೂ ಸ್ಕಾರ್ಫ್‌ಗೆ ಹೋಯಿತು.

“ಕಿವಿ ಮುಚ್ಕೊ ಮಾರಾಯ್ತಿ, ಬೈಲು ಬಂತು,” ಎಂದಳು ಪಕ್ಕದ ಭೈರಮ್ಮ.

ಬೈಲೆಂದರೆ ತಗ್ಗಿನ ಗದ್ದೆ; ಅಲ್ಲಿ ಚಳಿ ನೀರಿನಂತೆ ನಿಂತಿತ್ತು. ಅಂಚಿನ ಕಂಬದಲ್ಲಿ ಥರ್ಮಾಮೀಟರ್ ಒಂಬತ್ತು ತೋರಿಸಿತು. ಜೀಪು ಸೇತುವೆ ದಾಟಿ ಏರು ಹತ್ತಿದ್ದೇ ಸ್ಕಾರ್ಫ್‌ಗಳೆಲ್ಲ ಕುತ್ತಿಗೆಗೆ ಇಳಿದವು.

ದೀಕ್ಷಾಳ ಪ್ರೋಗ್ರಾಂ ಬಳಸುವ ನಕ್ಷೆಯ ಒಂದೊಂದು ಚೌಕ ನಾಲ್ಕು ಕಿಲೋಮೀಟರ್ ಅಗಲ. ಅದರೊಳಗೆ ಗುಡ್ಡ, ಬೈಲು ಎಲ್ಲಕ್ಕೂ ಒಂದೇ ಎತ್ತರ. ರಾತ್ರಿ ಗುಡ್ಡದಿಂದ ಇಳಿದು ಬಂದ ತಂಪು ಗಾಳಿಗೆ ಅಲ್ಲಿ ನಿಲ್ಲಲು ಜಾಗವೇ ಇರಲಿಲ್ಲ.

“ಒಂಬತ್ತು ನಿಜ. ತಪ್ಪು ನನ್ನದು,” ಎಂದಳು.

“ಹಂಗಾದ್ರೆ ಪೂರ್ತಿ ನಂಬಿ.”

“ನಂಬಿದ್ರೆ ನಕ್ಷೇಲಿ ಈ ಚಳಿ ಸುತ್ತ ಇಪ್ಪತ್ತು ಕಿಲೋಮೀಟರ್ ಹಬ್ಬುತ್ತೆ ಅಣ್ಣ. ಆಚೆ ಮೇಗುಂದ ಊರೂ ಅದರಲ್ಲಿ ಮುಳುಗುತ್ತೆ.”

“ತಿರುವಿಂದ ಸೇತುವೆವರೆಗೆ ಅಂತ ಹೇಳು. ಅದಕ್ಕೆ ಎಂತ ಓದು ಬೇಕು?” ಭೈರಮ್ಮ ಕೇಳಿದಳು.

“ನನ್ನ ಮಾತು ಅಷ್ಟು ದೂರ ನಡೆದ್ರೆ ಸಾಕು. ಮನೇಲಿ ಅಷ್ಟೂ ನಡೆಯಲ್ಲ,” ಎಂದ ಮುಬಾರಕ್.

ದೀಕ್ಷಾ ಆ ಚೌಕವನ್ನು ಸಣ್ಣ ಚೌಕಗಳಾಗಿ ಒಡೆದಳು. ಒಂಬತ್ತಕ್ಕೆ ಪೂರ್ತಿ ತೂಕ ಕೊಟ್ಟು, ಅದರ ವ್ಯಾಪ್ತಿಯನ್ನು ಸೇತುವೆಗೆ ನಿಲ್ಲಿಸಿದಳು. ಮರುದಿನ ಏಳಕ್ಕೆ ಮುಬಾರಕ್ ಫೋನ್ ಮಾಡಿದ.

“ಹೋಗಿಯೇ ನೋಡಿದೆ. ಮೊದಲು ನಿಮ್ಮ ಲೆಕ್ಕ ಎಷ್ಟು ಹೇಳಿ ಮೇಡಂ. ನಿಮ್ಮನ್ನ ಎಷ್ಟು ನಂಬಬಹುದು, ನೋಡೋಣ.”

“ಹತ್ತೂವರೆ.”

“ಪರವಾಗಿಲ್ಲ, ಬೈಲಿಗೆ ಇಳಿದಿದೀರಿ. ಒಂಬತ್ತೂವರೆ.”

ಅವಳು ಬರೆದುಕೊಂಡಳು. ಎರಡನೇ ಸಲ ಕೇಳಲಿಲ್ಲ.