ಗಿರಾಕಿ ನಿಂತಿರುವಾಗ

ನಾಶಿಕದ ಅಂಬಡ್‌ನಲ್ಲಿ ಪಾಳಿ ಬಿಡುವ ಸೈರನ್ ಊದುವ ಮೊದಲೇ ಎದ್ದು ನಿಲ್ಲುತ್ತಿದ್ದ ಮನುಷ್ಯನೆಂದರೆ ಸದಾನಂದ. ಸೈರನ್ ಆಯಿತೆಂದರೆ ಕಾರ್ಖಾನೆಗಳಿಂದ ಹೊರಬೀಳುವ ಹಸಿದ ಹೊಟ್ಟೆಗಳೆಲ್ಲ ಅವನ ಶಾಕಾಹಾರಿ ಹೋಟೆಲಿಗೇ ನುಗ್ಗುತ್ತಿದ್ದವು. ಕುಂದಾಪುರದಿಂದ ಬಂದ ಹೊಸತರಲ್ಲಿ ಬೇರೊಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗ ಅಲ್ಲಿಯ ಮುದಿ ಧಣಿ ಹೇಳಿಕೊಟ್ಟ ಒಂದೇ ಒಂದು ಮಾತನ್ನು ಅವನು ತಾಯಿತದಂತೆ ಕಟ್ಟಿಕೊಂಡಿದ್ದ: ಗಿರಾಕಿ ನಿಂತಿರುವಾಗ ಧಣಿ ಕೂರಬಾರದು.

ಅವನ ಹೋಟೆಲಿನಲ್ಲಿ ಯಾರಾದರೊಬ್ಬ ಗಿರಾಕಿ ಯಾವಾಗಲೂ ನಿಂತೇ ಇರುತ್ತಿದ್ದ. ಹಾಗಾಗಿ ಸದಾನಂದನೂ. ಮದುವೆಯಾಯಿತು, ನಿತೀಶ್ ಮತ್ತು ಹರ್ಷಿಣಿ ಹುಟ್ಟಿದರು, ಓದಿದರು, ಓದು ಮುಗಿಸಿ ಹೋಟೆಲಿಗೇ ಬಂದು ಸೇರಿಕೊಂಡರು. ಅಷ್ಟೂ ಕಾಲ ಅವನು ಉಂಡದ್ದೆಲ್ಲ ಅಡುಗೆಮನೆಯ ಮೂಲೆಯಲ್ಲಿ, ನಿಂತುಕೊಂಡು, ಒಂದು ಕಣ್ಣು ಹೊರಗಿನ ಮೇಜುಗಳ ಮೇಲಿಟ್ಟು. ಅವನ ಹೆಂಡತಿ ಚಂಪಾಳ ಸಂಸಾರದಲ್ಲಿ ಸಾರಿನ ಕೊರತೆ ಯಾವತ್ತೂ ಇರಲಿಲ್ಲ. ಎದುರು ಕೂತು ಅದನ್ನು ಸುರಿದುಣ್ಣುವ ಗಂಡನದ್ದೇ ಕೊರತೆ.

ಈ ಸಲ ಅಪ್ಪ ಅಮ್ಮನ ಮದುವೆಯ ವಾರ್ಷಿಕೋತ್ಸವಕ್ಕೆಂದು ಮಕ್ಕಳಿಬ್ಬರೂ ಸೇರಿ ಛತ್ರಪತಿ ಸಂಭಾಜಿನಗರದ ಒಂದು ಭಾರೀ ಎತ್ತರದ ಸ್ಟಾರ್ ಹೋಟೆಲಿನಲ್ಲಿ ಕೋಣೆ ಕಾದಿರಿಸಿಬಿಟ್ಟರು.

"ಹೋಟೆಲಿನವ ಹೋಗಿ ಹೋಟೆಲಲ್ಲಿ ಉಳಿಯುದಾ? ಮೀನು ಟಿಕೆಟ್ ತೆಗೆದು ಅಕ್ವೇರಿಯಂ ನೋಡಿದ ಹಾಗಾಯ್ತಲ್ಲ ಮಾರಾಯ್ತಿ!" ಎಂದ ಸದಾನಂದ.

"ಪಪ್ಪಾ, ಬಸ್ ಝಾಲಾ ಆತಾ, ಸಾಕಿನ್ನು!" ಎಂದು ಹರ್ಷಿಣಿ ಗದರಿದಳು. "ಎರಡು ದಿನ ನಾವು ನೋಡ್ತೇವೆ. ನೀವು ಫೋನ್ ಸುದ್ಧಾ ಮಾಡೂದಿಲ್ಲ."

ಚಂಪಾ ಮಾತ್ರ ಒಂದು ಷರತ್ತು ಹಾಕಿದಳು. "ನನಗೆ ಅಲ್ಲಿಯ ಈಜುಕೊಳ ಬೇಡ, ಮಾಲೀಸು ಬೇಡ. ನೀವು ನನ್ನ ಎದುರು ಕೂತು, ಮೊದಲ ತುತ್ತಿಂದ ಕೈ ತೊಳೆಯುವವರೆಗೆ ಏಳದೆ ಒಂದು ಹೊತ್ತು ಉಣ್ಣಬೇಕು. ಒಂದೇ ಹೊತ್ತು. ಆಗ್ತದಾ?"

"ಅದೆಂತ ದೊಡ್ಡ ವಿಷಯ?"

"ಸಣ್ಣ ವಿಷಯ ಆಗಿದ್ರೆ ಇಷ್ಟು ವರ್ಷ ಯಾಕೆ ಆಗ್ಲಿಲ್ಲ?"

ಐದು ನಕ್ಷತ್ರದ ಹೋಟೆಲಿನಲ್ಲಿ ಅವಳಿಗೆ ಬೇಕಿದ್ದದ್ದು ಒಂದೇ ಗ್ರಹ, ಸುತ್ತದೆ ಒಂದು ಕಡೆ ಕೂರುವಂಥದ್ದು. ಸದಾನಂದ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ.

ಹೋಟೆಲು ಚಂಪಾಳಿಗೆ ಬಾಗಿಲಲ್ಲೇ ಹಿಡಿಸಿತು. ಅದರಲ್ಲೂ ಲಿಫ್ಟಿನೊಳಗಿಂದ ಮಾತಾಡುವ ಹೆಂಗಸು. ಚಂಪಾಳಿಗೆ ಯಾರ ದನಿ ಕೇಳಿದರೂ ಮರುಗಳಿಗೆ ಅದು ಅವಳ ಗಂಟಲಿಗೆ ಬಂದು ಕೂರುತ್ತಿತ್ತು. ಹದಿನೆಂಟನೇ ಮಹಡಿ ತಲುಪುವಷ್ಟರಲ್ಲಿ ಅವಳು ಆ ಹೆಂಗಸಿನ ಮೂಗು ಕಟ್ಟಿದ ಇಂಗ್ಲಿಷನ್ನು ಹಿಡಿದುಬಿಟ್ಟಿದ್ದಳು. "ಡೋರ್ಸ್ ಓಪನಿಂಗ್," ಎಂದಳು ಬಾಯಿ ಅಲ್ಲಾಡಿಸದೆ. ಬಾಗಿಲು ಇನ್ನೂ ತೆರೆದಿರಲಿಲ್ಲ, ಮುಂದೆ ನಿಂತಿದ್ದ ದಪ್ಪ ಮನುಷ್ಯ ಹೋಗಿ ಅದಕ್ಕೆ ಮೂಗು ಗುದ್ದಿಕೊಂಡ. ಸದಾನಂದ ನಗು ತಡೆಯಲಾರದೆ ಕೆಮ್ಮಿದ.

ಕೋಣೆಯಲ್ಲಿ ಗುಂಡಿ ಒತ್ತಿದರೆ ಪರದೆ ತಾನಾಗಿ ಸರಿಯುತ್ತಿತ್ತು. ಚಂಪಾ ನಾಟಕ ಶುರುಮಾಡುವವಳಂತೆ ಅದನ್ನು ಐದಾರು ಸಲ ಸರಿಸಿದಳು. ಕೆಳಗೆ ಜಾಲನಾ ರಸ್ತೆಯ ರಿಕ್ಷಾಗಳು ಚೆಲ್ಲಿದ ಸಕ್ಕರೆಗೆ ಮುತ್ತಿದ ಇರುವೆಗಳಂತೆ ಕಾಣುತ್ತಿದ್ದವು. ಸದಾನಂದ ಹಾಸಿಗೆಯ ಮೇಲೆ ಕೂತ, ಹಾಸಿಗೆ ಅವನನ್ನು ಅರ್ಧ ನುಂಗಿತು. "ಇದು ಹಾಸಿಗೆಯಾ, ಇಡ್ಲಿ ಹಿಟ್ಟಾ? ಉಬ್ಬಿ ಬಂದದೆ ನೋಡು!" ಇಬ್ಬರೂ ಮಕ್ಕಳಂತೆ ಕುಣಿದು ಕೂತರು.

ಮಧ್ಯಾಹ್ನದ ಊಟ ಮಾತ್ರ ಕೆಟ್ಟಿತು. ಬಡಿಸುವ ದೀಪಕನ ಕೈಯಲ್ಲಿ ನೀರಿನ ಲೋಟಗಳ ತಟ್ಟೆ ಚೂರು ವಾಲಿತು. ಸದಾನಂದ ಎದ್ದು ಅದನ್ನು ಹಿಡಿದದ್ದಷ್ಟೇ ಅಲ್ಲ, ನಾಲ್ಕು ಮೇಜುಗಳಿಗೆ ನೀರಿಟ್ಟೂ ಬಂದ. "ನಾನು ಏಳಲಿಲ್ಲ ಮಾರಾಯ್ತಿ, ಕೈ ಎದ್ದಿತು. ಅದರ ಹಿಂದೆ ನಾನು ಹೋದೆ ಅಷ್ಟೆ."

ರಾತ್ರಿಯೂಟದಲ್ಲಿ ಪಕ್ಕದ ಮೇಜಿನ ಮಗುವೊಂದು ಪಾಯಸದ ಬಟ್ಟಲು ಕೆಡವಿತು. ಬಟ್ಟಲು ಉರುಳಿ ನಿಲ್ಲುವ ಮೊದಲೇ ಸದಾನಂದ ನೆಲದ ಮೇಲೆ ಮೊಣಕಾಲೂರಿ ಒರೆಸುತ್ತಿದ್ದ. ಎದ್ದು ನೋಡಿದರೆ ಚಂಪಾ ಊಟ ಮುಗಿಸಿ ಕೈ ತೊಳೆದಾಗಿತ್ತು.

"ಬೆಳಗಿನ ತಿಂಡಿ ಒಂದು ಉಳಿದದೆ," ಎಂದಳು ಲಿಫ್ಟಿನಲ್ಲಿ. "ಆಮೇಲೆ ಕೋಣೆ ಬಿಡಬೇಕು." ಯಾರ ದನಿಯನ್ನೂ ಎರವಲು ತರದೆ, ತನ್ನದೇ ದನಿಯಲ್ಲಿ ಹೇಳಿದಳು. ಸದಾನಂದನಿಗೆ ಹೆದರಿಕೆಯಾದದ್ದು ಅದಕ್ಕೇ.

ಬೆಳಿಗ್ಗೆ ತಿಂಡಿ ಮೇಲಿನ ಮಹಡಿಯಲ್ಲಿ. ಕಿಟಕಿಯ ಪಕ್ಕದ ಮೇಜು ಸಿಕ್ಕಿತು. ಸದಾನಂದ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ಆದರೆ ತಲೆಯೆತ್ತಿ ನೋಡಿದ. ಹಾಲ್‌ನ ತುಂಬ ಜನ ಖಾಲಿ ತಟ್ಟೆ ಹಿಡಿದು ನಿಂತಿದ್ದರು!

"ದೇವರೇ, ಗಿರಾಕಿಗಳೆಲ್ಲ ನಿಂತಿದ್ದಾರಲ್ಲೇ!"

"ಅದು ಬಫೆ. ಅವರು ನಿಲ್ಲಬೇಕಾದದ್ದೇ," ಎಂದಳು ಚಂಪಾ.

"ಹಾಗಾದ್ರೆ ನಮ್ಮದೂ ನಾವೇ ತರಬೇಕಲ್ಲ?"

ಅವಳು ಅವನನ್ನು ಅಳೆದು ನೋಡಿದಳು. "ಮೊದಲ ತುತ್ತು ಇನ್ನೂ ಆಗಲಿಲ್ಲ, ಹಾಗಾಗಿ ಲೆಕ್ಕಕ್ಕಿಲ್ಲ. ಹೋಗಿ. ಎರಡು ತಟ್ಟೆ, ಸೀದಾ ವಾಪಸ್."

ಸೀದಾ ಹೋದದ್ದೇನೋ ನಿಜ. ಬಿಳಿ ಅಂಗಿ ತೊಟ್ಟಿದ್ದ, ಮೇಜಿನ ಮೇಲಿದ್ದ ಕೈ ಒರೆಸುವ ಬಟ್ಟೆ ಯಾವಾಗಲೋ ಹೆಗಲೇರಿತ್ತು. ಸಾಂಬಾರಿನ ಪಾತ್ರೆಯ ಮುಂದೆ ನಿಂತು, "ತಳ ಕಲಕದೆ ತೆಗೆದರೆ ಬರೀ ತಿಳಿ ಬರ್ತದೆ," ಎಂದು ಗೊಣಗಿ ಸೌಟು ಹಾಕಿ ತಿರುವಿದ.

"ಏನ್ರಿ ಅಣ್ಣಾರ, ಕನ್ನಡದವ್ರೇನ್ರಿ?" ಹಿಂದಿನಿಂದ ದನಿ ಬಂತು. ಹಣೆಗೆ ವಿಭೂತಿ ಬಳಿದ ಹಿರಿಯರೊಬ್ಬರು, ಪಕ್ಕದಲ್ಲಿ ಅವರ ಹೆಂಡತಿ. "ನಾ ಮನ್ಮಥಪ್ಪ ಅಂತ, ಭಾಲ್ಕಿ ಕಡ್ಯಾವ. ಇಕಿ ಈರಮ್ಮ. ಅಳಿಯಂದು ಇಲ್ಲೇ ಬಿಡಕಿನ್‌ದಾಗ ಕಂಪನಿ ಫಂಕ್ಷನ್ ಅದ, ಅದಕ್ಕ ಬಂದೀವಿ. ಛಲೋ ಆತು ನೀವು ಸಿಕ್ಕಿದ್ದು. ಇಲ್ಲಿ ಯಾವುದು ಸಿಹಿ ಯಾವುದು ಖಾರ ಒಂದೂ ತಿಳೀವಲ್ದು. ಎರಡೆರಡು ಇಡ್ಲಿ ಹಾಕ್ರಿ, ಹಂಗೇ ಖಾರ ಚಟ್ನಿ ಎಲ್ಲಿ ಅದ ನೋಡ್ರಿ."

ಸದಾನಂದ ಬಡಿಸಿದ. ಅವರನ್ನು ಮೇಜಿನವರೆಗೆ ಕರೆದೊಯ್ದು ಕೂರಿಸಿದ. ಅದನ್ನು ಕಂಡ ಮರಾಠಿ ಮಹನೀಯರೊಬ್ಬರು "ದಾದಾ, ಚಹಾ ದ್ಯಾ ನಾ," ಎಂದರು. ಒಂದೇ ಕೈಯ ಬೆರಳ ಸಂದಿಗಳಲ್ಲಿ ಆರು ಕಪ್ಪು ಸಿಕ್ಕಿಸಿಕೊಂಡು ಅವನು ಮೇಜುಗಳ ನಡುವೆ ತೇಲಿದ. ಒಬ್ಬರಿಗೆ ಉಪ್ಪಿಟ್ಟು, ಇನ್ನೊಬ್ಬರಿಗೆ ನಿಂಬೆಹೋಳು. ದೀಪಕ ಅವನ ಹಿಂದೆ ಹಿಂದೆಯೇ "ಸರ್, ಆಪ್ ಬೈಠಿಯೇ ನಾ!" ಎಂದು ಕೂರಲು ಬೇಡಿಕೊಳ್ಳುತ್ತಿದ್ದ. ಸದಾನಂದನ ಮೈಯಲ್ಲಿ ಅಂಬಡ್‌ನ ಸೈರನ್ ಊದಿಯಾಗಿತ್ತು. ಅವನಿಗೆ ಎಷ್ಟು ಖುಷಿಯಾಗಿತ್ತೆಂದರೆ ಚಂಪಾ ಎಂಬ ಹೆಸರೂ ನೆನಪಿರಲಿಲ್ಲ.

ಆಗ ಕೇಳಿತು ಆ ಕೂಗು.

"ಏಏಏಳನೇ ಟೇಬಲ್! ಗಿರಾಕಿ ಕಾಯ್ಲತ್ತಾರ, ಯಾರರ ನೋಡ್ರೋ!"

ಅದು ಅವನ ಹೋಟೆಲಿನ ಹಳೆಯ ಸಪ್ಲಾಯರ್ ನಿಂಗಣ್ಣನ ದನಿ. ಕಲಬುರಗಿಯ ಬಿಸಿಲಲ್ಲಿ ಕಾದ ಕಂಚಿನಂಥ ಗಂಟಲು. ನಿಂಗಣ್ಣ ಇಲ್ಲಿ ಹೇಗೆ ಬಂದ ಎಂದು ಯೋಚಿಸುವ ವ್ಯವಧಾನ ಸದಾನಂದನ ಕಾಲುಗಳಿಗಿರಲಿಲ್ಲ. ಅವು ಓಡಿದವು. ಹಾಲ್‌ನಲ್ಲಿ ಎಲ್ಲರ ಚಮಚಗಳೂ ಗಾಳಿಯಲ್ಲೇ ನಿಂತವು.

"ಹೇಳಿ, ಎಂತ ಕೊಡ್ಲಿ?" ಎಂದು ಬಾಗಿ ಕೇಳಿದ ಮೇಲೆಯೇ ಅವನಿಗೆ ಗೊತ್ತಾದದ್ದು, ಅದು ಕಿಟಕಿಯ ಪಕ್ಕದ ಮೇಜು. ಕೂತಿದ್ದವಳು ಚಂಪಾ. ಅವಳ ಮುಂದೆ ತಟ್ಟೆಯೂ ಇರಲಿಲ್ಲ.

ಚಂಪಾ ನಗಲಿಲ್ಲ. ಗಿರಾಕಿಯ ಗತ್ತಿನಲ್ಲೇ ಕೇಳಿದಳು. "ಏನೇನುಂಟು?"

"ಇಡ್ಲಿ, ವಡೆ, ಉಪ್ಪಿಟ್ಟು, ಮಸಾಲೆ ದೋಸೆ, ಸೆಟ್ ದೋಸೆ..." ನಾಲಿಗೆ ತಾನಾಗಿ ಓಡಿ, ನಡುವೆ ತಡವರಿಸಿ ನಿಂತಿತು.

"ಅದೆಲ್ಲ ಬೇಡ. ಒಂದು ಗಂಡ."

ಸದಾನಂದ ಹೆಗಲ ಬಟ್ಟೆ ಸರಿಮಾಡಿಕೊಂಡ. "ಪಾರ್ಸಲ್ಲಾ, ಇಲ್ಲಿಗಾ?"

"ಇಲ್ಲಿಗೇ."

"ಕಾಯ್ತಾ... ಎಷ್ಟು ಹೊತ್ತಾಯ್ತು?"

"ಮೂವತ್ತು ವರ್ಷ." ಅದನ್ನು ತನ್ನದೇ ದನಿಯಲ್ಲಿ ಹೇಳಿದಳು. "ಗಿರಾಕಿ ನಿಂತಿರುವಾಗ ಕೂರಬಾರದು ಅಂತ ತಾನೆ ನಿಮ್ಮ ಧಣಿ ಹೇಳಿದ್ದು? ನೋಡಿ, ಈ ಗಿರಾಕಿ ಎಷ್ಟೋ ಕಾಲದಿಂದ ಕೂತೇ ಇದ್ದಾಳೆ."

ಸದಾನಂದ ಒಮ್ಮೆ ಹಾಲ್‌ನತ್ತ ನೋಡಿದ. ಜನ ನಿಂತೇ ಇದ್ದರು, ತಮ್ಮ ತಮ್ಮ ತಟ್ಟೆಗೆ ತಾವೇ ಬಡಿಸಿಕೊಂಡು ಸುಖವಾಗಿದ್ದರು. ಯಾರೂ ಹಸಿವಿನಿಂದ ಬಿದ್ದುಹೋಗಿರಲಿಲ್ಲ. ಅವನು ಹೆಗಲ ಮೇಲಿನ ಬಟ್ಟೆ ತೆಗೆದು ತೊಡೆಯ ಮೇಲೆ ಹಾಸಿದ. ಕುರ್ಚಿ ಎಳೆದು ಕೂತ.

ದೀಪಕ ಓಡಿಬಂದು ಇಡ್ಲಿ ಸಾಂಬಾರ್ ತಂದಿಟ್ಟ. ಅವನ ಕೈಯಿಂದ ಬಟ್ಟಲು ಇಸಿದುಕೊಳ್ಳಲು ಸದಾನಂದನ ಬಲಗೈ ಮೇಲೇಳತೊಡಗಿತು. ಚಂಪಾ ಮೇಜಿನ ಮೇಲೆಯೇ ಅದನ್ನು ಹಿಡಿದು ಒತ್ತಿದಳು. ಕೈ ಸುಮ್ಮನಾಯಿತು. ಮೊದಲ ತುತ್ತು ಬಾಯಿಗೆ ಹೋಯಿತು.

"ಸಾಂಬಾರ್ ಹೇಗುಂಟು?" ಎಂದಳು.

"ಉಪ್ಪು ಒಂದು ಚೂರು..." ಎಂದವನು ಅವಳ ಮುಖ ನೋಡಿ ಮಾತು ನುಂಗಿಕೊಂಡ. "ಬಿಸಿ ಉಂಟು. ಕೂತು ತಿಂದರೆ ಬಿಸಿ ಇರ್ತದೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಅಷ್ಟರಲ್ಲಿ ಮನ್ಮಥಪ್ಪ ಬಟ್ಟಲು ಹಿಡಿದು ಬಂದರು. "ಅಣ್ಣಾರ, ಇನ್ನೊಂದೀಟು ಸಾಂಬಾರ್..." ಕೂತು ಉಣ್ಣುತ್ತಿರುವ ಸದಾನಂದನನ್ನು ಕಂಡು ಬಾಯಿ ತೆರೆದಂತೆಯೇ ಉಳಿಯಿತು. "ಅಯ್ಯ, ನೀವೂ ನಮ್ಮಂಗ ಗಿರಾಕಿನೇನ್ರಿ? ಮತ್ತ ಯಾಕ ಬಡ್ಸಿದ್ರಿ?"

"ನಾ ಹೇಳಿದ್ದಿಲ್ಲೇನು, ಪಗಾರಕ್ಕ ಬಡ್ಸೋರು ಇಷ್ಟು ನಗನಗ್ತ ಬಡ್ಸಂಗಿಲ್ಲಂತ?" ಎಂದು ಈರಮ್ಮ ಹಿಂದಿನಿಂದ ತಿವಿದಳು. "ನೀವರ ಮನ್ಯಾಗ ಒಂದಿನ ಹಿಂಗ ಬಡಿಸೀರೇನು? ಆ ಬಟ್ಲ ಇತ್ತ ತರ್ರಿ. ಹೋಗಿ ನನಗ ವಡಿ ತೊಗೊಂಬರ್ರಿ!"

ಮನ್ಮಥಪ್ಪ ಸದಾನಂದನ ಕಡೆ ನೋಡಿ ಕಣ್ಣಲ್ಲೇ ಸಹಾಯ ಬೇಡಿದರು.

"ಈ ಟೇಬಲಿಂದ ಸಪ್ಲೈ ಇಲ್ಲ ಮಾರಾಯ್ರೆ," ಎಂದ ಸದಾನಂದ. "ಇಲ್ಲಿ ಇಬ್ರೂ ಗಿರಾಕಿಗಳೇ."

ಕೊನೆಯ ತುತ್ತು ಮುಗಿಯಿತು. ಕೈ ತೊಳೆಯಲು ಏಳಬಹುದಿತ್ತು, ಷರತ್ತು ಪೂರ್ತಿಯಾಗಿತ್ತು. ಸದಾನಂದ ಏಳಲಿಲ್ಲ. ಎಂಜಲ ಕೈಯನ್ನು ತೊಡೆಯ ಮೇಲಿನ ಬಟ್ಟೆಗೆ ಒರೆಸಿಕೊಂಡು, ಎಡಗೈಯಿಂದ ದೀಪಕನನ್ನು ಕರೆದು, "ಏಕ್ ಕಾಫಿ, ಬೈಟು," ಎಂದ.

ಎಷ್ಟು ಕುಡಿದರೂ ಪುಕ್ಕಟೆಯಾದ ಕಾಫಿಗೆ ಬೈಟು ಯಾಕೆಂದು ದೀಪಕನಿಗೆ ಗೊಂದಲ. "ಸರ್, ಕಾಫಿ ಕಿತನಾ ಭೀ ಲೀಜಿಯೇ. ದೋ ಲಾತಾ ಹೂಂ ನಾ!"

"ನಹೀಂ. ಏಕ್ ಹೀ. ದೋ ಗ್ಲಾಸ್."

ಒಂದು ಕಾಫಿಯೂ ಒಂದು ಖಾಲಿ ಲೋಟವೂ ಬಂದವು. ಸದಾನಂದ ಕಾಫಿಯ ಲೋಟವನ್ನು ತಲೆಯ ಮೇಲೆತ್ತಿ, ಕೆಳಗೆ ಖಾಲಿ ಲೋಟ ಹಿಡಿದು, ಒಂದು ಹನಿಯೂ ಹೊರಗೆ ಬೀಳದಂತೆ ಉದ್ದಕ್ಕೆ ಇಳಿಬಿಟ್ಟ. ಸುತ್ತಲಿನ ಮೇಜುಗಳವರು ಚಪ್ಪಾಳೆ ತಟ್ಟಿದರು. ನೊರೆ ಹೆಚ್ಚು ಬಂದ ಲೋಟ ಚಂಪಾಳ ಕಡೆ ಸರಿಯಿತು.

ಅವಳು ಲಿಫ್ಟಿನ ಹೆಂಗಸಿನ ದನಿಯಲ್ಲಿ, "ಥ್ಯಾಂಕ್ ಯೂ ಫಾರ್ ಸಿಟ್ಟಿಂಗ್," ಎಂದಳು.