ಚಿಕ್ಕನರಸಯ್ಯನ ಎಡೆ

ಹಿರಿಯರ ಹಬ್ಬದ ದಿನ ಸತ್ತವರು ಉಣ್ಣುವ ಮೊದಲು ಬದುಕಿರುವವರ ಬಾಯಿಗೆ ಒಂದಗುಳೂ ಹೋಗಬಾರದು. ಮಿಡಿಗೇಶಿಯ ಓಬಳಮ್ಮನ ಮನೆಯಲ್ಲಿ ಈ ಕಟ್ಟಳೆ ಬಲು ಬಿಗಿ, ಏಕೆಂದರೆ ಅಲ್ಲಿ ಎಡೆ ಇಡುವುದು ಅವಳ ಗಂಡ ಚಿಕ್ಕನರಸಯ್ಯನಿಗೆ. ಅವನಿಗೆ ಇಷ್ಟವಾದದ್ದೆಲ್ಲ ಬಾಳೆಲೆಯ ಮೇಲಿರಬೇಕು: ಬಾಡಿನ ಸಾರು, ಮುದ್ದೆ, ವಡೆ, ಕಜ್ಜಾಯ. ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟಲಿ. ಸಾಂಬ್ರಾಣಿ ಹಾಕಿ, ಕೋಣೆಯ ಬಾಗಿಲು ಮುಚ್ಚಿ, ಅವನು ಬಂದು ಉಂಡು ಹೋಗುವವರೆಗೆ ಹೊರಗೆ ಕಾಯಬೇಕು. ಆ ಹೊತ್ತಿನಲ್ಲಿ ಬಾಗಿಲು ಮುಟ್ಟಿದವರಿಗೆ ಉಳಿಗಾಲವಿಲ್ಲವೆಂದು ಊರೆಲ್ಲ ನಂಬಿದೆ.

ಆ ಪುಣ್ಯಾತ್ಮ ಬದುಕಿದ್ದಾಗ ಉಂಡದ್ದೇನೂ ಕಡಿಮೆಯಲ್ಲ. ಒಂದು ಹಬ್ಬದಲ್ಲಿ ಕಜ್ಜಾಯ ಗಟ್ಟಿಯಾಯಿತೆಂದು ಓಬಳಮ್ಮನ ಎಡಗೈಯನ್ನು ಒಲೆಕಲ್ಲಿಗೆ ಒತ್ತಿ ಹಿಡಿದು ಸೌದೆಯಿಂದ ಬಡಿದಿದ್ದ. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಅವನು ಸತ್ತ ಮೇಲೂ ಆ ಸೊಟ್ಟ ಕೈಯಲ್ಲೇ ಆಕೆ ವರ್ಷಾವರ್ಷ ಅವನಿಗೆ ಕಜ್ಜಾಯ ತಟ್ಟುತ್ತಾಳೆ. ಮೆತ್ತಗೆ ಬರಲೆಂದು ಹಿಟ್ಟಿಗೆ ಬಾಳೆಹಣ್ಣು ಕಿವುಚಿ ಹಾಕುತ್ತಾಳೆ. ಸತ್ತವನಿಗೂ ಹೆದರುತ್ತಿದ್ದಳು, ಅಷ್ಟೇ.

ಮಗ ನರಸಿಂಹರಾಜು ಅಪ್ಪನ ಪಡಿಯಚ್ಚು. ಸೊಸೆ ಲಕ್ಷ್ಮೀದೇವಿ ಏಟು ತಿನ್ನುವಾಗಲೆಲ್ಲ ಓಬಳಮ್ಮ ಹಿತ್ತಿಲಿಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

ಈ ಸಲದ ಅಮಾವಾಸ್ಯೆಯ ಸಂಜೆ ಅತ್ತೆ ಸೊಸೆ ನಡುಮನೆಯಲ್ಲೇ ಗ್ಯಾಸ್ ಒಲೆ ಇಟ್ಟುಕೊಂಡು ಬಾಣಲೆಯಲ್ಲಿ ಕಜ್ಜಾಯ ಕರಿಯುತ್ತಿದ್ದರು. ಪಕ್ಕದ ಕೋಣೆಯಲ್ಲಿ ಎಡೆ ಸಿದ್ಧವಾಗಿತ್ತು. ರಾಜು ತಂದಿಟ್ಟಿದ್ದ ಬಾಟಲಿಯನ್ನು ಮಾವನ ಫೋಟೋದ ಮುಂದೆ ಲೋಟಕ್ಕೆ ಬಗ್ಗಿಸಲು ಹೋದ ಲಕ್ಷ್ಮೀದೇವಿಗೆ ಮುಚ್ಚಳ ಮೊದಲೇ ಒಡೆದಿದ್ದುದು ಗೊತ್ತಾಯಿತು. ಅಪ್ಪನ ಪಾಲನ್ನು ದಾರಿಯಲ್ಲೇ ಕುಡಿದು, ಮಗರಾಯ ನೀರು ತುಂಬಿ ತಂದಿದ್ದ. ಆಕೆ ಬಾಟಲಿ ಹಿಡಿದು ಹೊರಗೆ ಬಂದಳು.

“ಇದ್ರಾಗೆ ನೀರೈತೆ. ಮಾವಂಗೆ ಹೆಂಗೆ ಇಡಾದು?” ಎಂದು ಮೆಲ್ಲಗೆ ಕೇಳಿದಳು.

ಅಷ್ಟಕ್ಕೇ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದ ರಾಜು ಎದ್ದು ಕೆನ್ನೆಗೆ ಬಿಟ್ಟ. ಕಜ್ಜಾಯದ ತಟ್ಟೆಯನ್ನು ಒದ್ದ. ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಜಜ್ಜಿದ, ಮತ್ತೆ ಜಜ್ಜಿದ. ಸುಣ್ಣದ ಮೇಲೆ ರಕ್ತ ಹತ್ತಿಕೊಂಡಿತು. ಆಕೆ ಕುಸಿದಾಗ ಹೊಟ್ಟೆಗೆ ಒದ್ದು, ಬೆಳಿಗ್ಗೆ ಬಾಡು ಕಡಿದು ತೊಳೆದು ಒರಗಿಸಿದ್ದ ಮಚ್ಚನ್ನು ತರಲು ಮೂಲೆಗೆ ತಿರುಗಿದ.

ಓಬಳಮ್ಮನ ಕಾಲು ಅಭ್ಯಾಸಬಲದಿಂದ ಹಿತ್ತಿಲ ಕಡೆಗೇ ಹೊರಟಿತ್ತು. ಮಚ್ಚು ಕಂಡು ನಿಂತಿತು. ಆಕೆ ಸೊಸೆಯ ರಟ್ಟೆ ಹಿಡಿದು ಎಳೆದು ಎಡೆಯ ಕೋಣೆಗೆ ನೂಕಿ, ಹೊರಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಒಳಗೆ ನಿಮ್ಮಪ್ಪ ಉಣ್ತಾವ್ನೆ ಕಣ್ಲಾ. ಬಾಗ್ಲು ಮುಟ್ಬೇಡ.”

ಕುಡಿದಿದ್ದರೂ ರಾಜುವಿಗೆ ಆ ಭಯವಿತ್ತು. ಮಚ್ಚು ಎತ್ತಿದ ಕೈ ಅರ್ಧಕ್ಕೆ ಇಳಿಯಿತು. ಓಬಳಮ್ಮ ಜನ್ಮದಲ್ಲಿ ಮೊದಲ ಸಲ ಗಂಡನನ್ನು ಕಾವಲಿಗೆ ನಿಲ್ಲಿಸಿದ್ದಳು. ಆದರೆ ರಾಜು ನಕ್ಕುಬಿಟ್ಟ.

“ನಮ್ಮಪ್ಪ ಇದ್ದಿದ್ರೆ ಅವ್ನೇ ಕಡ್ದು ಹಾಕ್ತಿದ್ದ. ಅತ್ತಾಗೋಗವ್ವ.”

ಅದು ನಿಜವೆಂದು ಓಬಳಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವನು ತಾಯಿಯನ್ನು ಪಕ್ಕಕ್ಕೆ ತಳ್ಳಿ ಚಿಲಕದ ಮೇಲೆ ಬೀಸಿದ. ಮಚ್ಚು ಬಾಗಿಲಿಗೆ ಕಚ್ಚಿಕೊಂಡಿತು. ಅದನ್ನು ಕೀಳಲು ಅವನು ಎರಡೂ ಕೈ ಹಾಕಿದಾಗ ಓಬಳಮ್ಮ ಬಾಣಲೆಗೆ ಸೌಟು ಅದ್ದಿ, ಕುದಿಯುವ ಎಣ್ಣೆಯನ್ನು ತುಂಬ ಮೊಗೆದು ಆ ಕೈಗಳ ಮೇಲೆ ಸುರಿದಳು. ತಾನೇ ಎಣ್ಣೆ ಹಚ್ಚಿ ನೀವಿ ಬೆಳೆಸಿದ ಕೈಗಳು. ಚರ್ಮ ಬಿಳಿಚಿ ಸುಲಿದು ಬಂತು. ಅವನು ಮಚ್ಚು ಬಿಟ್ಟು ನೆಲಕ್ಕೆ ಬಿದ್ದು ಊಳಿಟ್ಟ. ಮತ್ತೆ ಎದ್ದಾನೆಂದು ಆಕೆ ಇನ್ನೊಂದು ಸೌಟು ಮೊಗೆದು ಹಿಡಿದೇ ಇದ್ದಳು. ಅವನು ಏಳಲಿಲ್ಲ. ಆದರೂ ಆಕೆ ಸೌಟು ಇಳಿಸಲಿಲ್ಲ.

ಕೂಗು ಕೇಳಿ ಪಕ್ಕದ ಮನೆಯ ರಂಗೇಶ ಓಡಿಬಂದ. ರಾಜುವನ್ನು ಮಧುಗಿರಿಯ ಆಸ್ಪತ್ರೆಗೆ ಸಾಗಿಸಲು ಆಟೋ ತಂದ. ಏನಾಯಿತೆಂದು ಕೇಳಿದ್ದಕ್ಕೆ ಓಬಳಮ್ಮ, ತಾನೇ ಸುಟ್ಟದ್ದು, ಪೊಲೀಸರಿಗೂ ಹಾಗೆಯೇ ಹೇಳು, ಸೊಸೆಗೆ ಇನ್ನೊಂದು ಆಟೋ ಕಳಿಸು ಎಂದಳು.

ಆಮೇಲೆ ಒಲೆ ಆರಿಸಿ ಚಿಲಕ ತೆಗೆದಳು. ಲಕ್ಷ್ಮೀದೇವಿ ಮಾವನ ಫೋಟೋದ ಕೆಳಗೆ ಮುದುಡಿ ಕೂತಿದ್ದಳು. ಎಡೆಯ ಜೊತೆ ಇಟ್ಟಿದ್ದ ಹೊಸ ಪಂಚೆಯನ್ನು ಓಬಳಮ್ಮ ಹರಿದು ಆಕೆಯ ತಲೆಗೆ ಬಿಗಿದು ಕಟ್ಟಿದಳು. ಬೆಳಗಿನಿಂದ ಉಪವಾಸವಿದ್ದ ಹುಡುಗಿ. ಬಾಳೆಲೆಯ ಮೇಲಿಂದ ಒಂದು ಕಜ್ಜಾಯ ತೆಗೆದು, ಮುರಿದು, ಸೊಟ್ಟ ಕೈಯಲ್ಲಿ ಅವಳ ಬಾಯಿಯ ಹತ್ತಿರ ಹಿಡಿದಳು.

ಸೊಸೆ ಬೆದರಿ ಮುಖ ಹಿಂದೆಗೆದಳು. “ಅತ್ತೆ, ಮಾವ ಇನ್ನೂ ಉಂಡಿಲ್ಲ.”

“ಅವ್ನು ಉಂಡಿದ್ದು ಸಾಕು ಕಣಮ್ಮ,” ಎಂದಳು ಓಬಳಮ್ಮ. “ನೀನುಣ್ಣು.”

ಉಳಿದ ಅರ್ಧವನ್ನು ಗಂಡನ ಫೋಟೋ ನೋಡುತ್ತಲೇ ತಾನು ತಿಂದಳು. ಕಜ್ಜಾಯ ಮೆತ್ತಗಿತ್ತು.