ಅಸ್ತರಿನ ಮೇಲೆ ಬರೆದದ್ದು

ಚಳಿಗಾಲದ ಒಂದು ಸೋಮವಾರ, ಬೆಳಗಿನ ಹೊತ್ತು. ನಮ್ಮ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಹುಡುಗಿಯನ್ನು ಗುರುವಾರ ಅವಳ ಅಕ್ಕ ಬೇರೆ ಊರಿನ ಕೆಲಸಕ್ಕೆ ಕರೆದೊಯ್ಯುವವಳಿದ್ದಳು. ಅದಕ್ಕೆ ಮುಂಚೆ ಕೇಳಬೇಕೆಂದು ನನ್ನ ತಮ್ಮನ ಮಗ, ಅವಳು ಇಸ್ತ್ರಿ ಮಾಡಬೇಕಿದ್ದ ಒಂದು ಕೋಟಿನ ಒಳಗಿನ ಅಸ್ತರಿನ ಮೇಲೆ 'ನನ್ನನ್ನ ಮದುವೆ ಆಗ್ತೀಯಾ' ಎಂದು ಮೇಣದ ಬಳಪದಲ್ಲಿ ಬರೆದಿಟ್ಟ. ಅವಳು ಓದಿ ಇಸ್ತ್ರಿ ಒತ್ತಿದರೆ ಬಿಸಿಗೆ ಅಕ್ಷರ ಅಳಿಯುತ್ತದೆ, ಗಿರಾಕಿಗೆ ತಿಳಿಯುವುದಿಲ್ಲವೆಂದು ಅವನ ಲೆಕ್ಕ. ಆದರೆ ಅವತ್ತು ಅವಳು ಹೊರಮೈಯನ್ನೇ ಮೊದಲು ಒತ್ತಿದಳು. ತಿರುಗಿಸಿದಾಗ ಅಸ್ತರು ಬರಿದಾಗಿತ್ತು.

"ದೊಡ್ಡಪ್ಪಾ, ಕೆಲಸ ಕೆಟ್ಟಿತು," ಎಂದು ನನ್ನ ಬಳಿ ಪಿಸುಗುಟ್ಟಿದ.

"ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ದೀಯೇನೋ? ಹೋಗಿ ಕೇಳು."

ಹೋಗಿ ಕೇಳಿದ. ಅವಳು ತಲೆಯೆತ್ತದೆ ಎರಡೂ ತೋಳು ಒತ್ತಿ ಮುಗಿಸಿದಳು. ಅಷ್ಟು ಹೊತ್ತೂ ನನ್ನ ಸೂಜಿ ನಿಂತೇ ಇತ್ತು.

"ಅಕ್ಕನಿಗೆ ನೀನೇ ಹೇಳ್ಬೇಕು, ನನಗೆ ಭಯ," ಎಂದಳು.

ಗುರುವಾರ ಅಕ್ಕ ಒಬ್ಬಳೇ ಹೊರಟಳು.